ಏಳಲೊಲ್ಲದ ಮೂರ್ತಿ: ಅತ್ತೂರು ಪ್ರವಾಸ ಮತ್ತು ಒಂದಿಷ್ಟು ಇತಿಹಾಸ

ರಾವಣನ ಆತ್ಮಲಿಂಗದ ಕತೆಯನ್ನು ಕರಾವಳಿಯ ಮಕ್ಕಳಿಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ. ಸಂಧ್ಯಾವಂದನೆಯ ಹೊತ್ತಾಯಿತೆಂದು ರಾವಣ ಲಿಂಗವನ್ನು ದನ ಕಾಯುವ ಹುಡುಗನ ಕೈಗೆ ಕೊಡುತ್ತಾನೆ. ಹುಡುಗನ ವೇಷದಲ್ಲಿದ್ದ ಗಣಪತಿ ಅದನ್ನು ಗೋಕರ್ಣದ ನೆಲದ ಮೇಲೆ ಇಟ್ಟುಬಿಡುತ್ತಾನೆ. ಅಲ್ಲಿಗೆ ಮುಗಿಯಿತು. ಕೈಲಾಸವನ್ನೇ ಅಲುಗಾಡಿಸಿದವನಿಗೆ ಆ ಲಿಂಗವನ್ನು ಕೀಳಲಾಗಲಿಲ್ಲ. ತಮಾಷೆ ಅಂದ್ರೆ ಅವನ ತಮ್ಮ ವಿಭೀಷಣನೂ ಇದೇ ರೀತಿ ಸಿಕ್ಕಿಬಿದ್ದವನು. ರಾಮ ಕೊಟ್ಟ ರಂಗನಾಥನನ್ನು ಕಾವೇರಿ ದಡದಲ್ಲಿ ಸ್ವಲ್ಪ ಹೊತ್ತು ಇಳಿಸಿದ. ಆಮೇಲೆ ದೇವರು ಏಳಲೇ ಇಲ್ಲ, ಆ ಜಾಗ ಶ್ರೀರಂಗಂ ಆಯಿತು. ಅಣ್ಣತಮ್ಮಂದಿರಿಬ್ಬರೂ ಲಂಕೆಗೆ ಬರಿಗೈಯಲ್ಲಿ ವಾಪಸ್!

ಇಳಿಸಿದ ದೇವರು ಏಳದ ಕತೆ ನಮ್ಮಲ್ಲಿ ಇನ್ನೂ ಎಷ್ಟೋ ಇವೆ. ಆದರೆ ಉಡುಪಿ ಜಿಲ್ಲೆಯ ಕಾರ್ಕಳದ ಹತ್ತಿರದ ಅತ್ತೂರಿನಲ್ಲಿ ಇದೇ ಕತೆ ಒಬ್ಬ ರೋಮನ್ ಸಂತನ ಬಗ್ಗೆ ಇದೆ. ನೆಲ ಬಿಟ್ಟೇಳದ ಆ ಮರದ ಮೂರ್ತಿಯ ಹಿಂದೆ ಇರುವುದು ಪುರಾಣಕಾಲವಲ್ಲ, ಇಸವಿ ಸಮೇತ ಹೇಳಬಹುದಾದ ಇತಿಹಾಸ. ಈ ಬರಹ ಅದರ ಬಗ್ಗೆ.

ಮೊದಲು ಸಂತನ ಪರಿಚಯ. ಅತ್ತೂರಿನ ಸಂತ ಲಾರೆನ್ಸ್ ಮೂರನೇ ಶತಮಾನದ ರೋಮ್ ನಗರದವನು. ಅಲ್ಲಿನ ಚರ್ಚಿನಲ್ಲಿ ಡೀಕನ್ ಆಗಿದ್ದ, ಅಂದರೆ ಬಡವರಿಗೆ ಹಣ, ಆಹಾರ ಹಂಚುವ ಜವಾಬ್ದಾರಿ ಅವನದು. ಕ್ರಿ.ಶ. 258ರಲ್ಲಿ ಚಕ್ರವರ್ತಿ ವಲೇರಿಯನ್ ಕ್ರೈಸ್ತ ಗುರುಗಳನ್ನು ಕೊಲ್ಲಿಸತೊಡಗಿದ. ಆಗಸ್ಟ್ 6ರಂದು ಪೋಪ್ ಎರಡನೇ ಸಿಕ್ಸ್ಟಸ್ ಬಲಿಯಾದರು. ನಾಲ್ಕು ದಿನ ಬಿಟ್ಟು, ಆಗಸ್ಟ್ 10ರಂದು ಲಾರೆನ್ಸನ ಸರದಿ. "ಚರ್ಚಿನ ಸಂಪತ್ತನ್ನೆಲ್ಲ ತಂದೊಪ್ಪಿಸು" ಎಂದು ಅಧಿಕಾರಿ ಕೇಳಿದಾಗ, ಲಾರೆನ್ಸ್ ಊರಿನ ಬಡವರನ್ನು, ಕುಂಟರನ್ನು, ಕುರುಡರನ್ನು ಸಾಲಾಗಿ ಕರೆತಂದು ನಿಲ್ಲಿಸಿ "ಇದೇ ನಮ್ಮ ಸಂಪತ್ತು" ಅಂದನಂತೆ. ಸಿಟ್ಟಿಗೆದ್ದ ಅಧಿಕಾರಿ ಅವನನ್ನು ಕಬ್ಬಿಣದ ಸರಳುಗಳ ಮೇಲೆ ಮಲಗಿಸಿ ಕೆಳಗೆ ಬೆಂಕಿ ಹಾಕಿಸಿದ ಅಂತ ಐತಿಹ್ಯ. ಚಿತ್ರಗಳಲ್ಲಿ ಲಾರೆನ್ಸನ ಕೈಯಲ್ಲಿ ಸರಳುಗಳ ಚೌಕಟ್ಟು ಇರುವುದು ಅದಕ್ಕೇ.

ಇಲ್ಲಿ ನಮ್ಮಂಥ ಸಾಫ್ಟ್‌ವೇರ್ ಜನಕ್ಕೆ ಖುಷಿ ಕೊಡುವ ಒಂದು ವಿಷಯ ಇದೆ. ವಲೇರಿಯನ್ನನ ಆಜ್ಞೆ ಗುರುಗಳನ್ನು ತಕ್ಷಣ ಕೊಲ್ಲಬೇಕು ಅಂತ ಇತ್ತು. ಹಾಗಾಗಿ ಲಾರೆನ್ಸನ ತಲೆ ಕಡಿದಿರಬೇಕು, ಸುಟ್ಟಿರಲಾರರು ಅನ್ನುವುದು ಅನೇಕ ವಿದ್ವಾಂಸರ ಅಭಿಪ್ರಾಯ. ಮತ್ತೆ ಬೆಂಕಿ ಎಲ್ಲಿಂದ ಬಂತು? ಹುತಾತ್ಮರ ಪಟ್ಟಿಗಳಲ್ಲಿ "ಯಾತನೆ ಅನುಭವಿಸಿ ಸತ್ತ" ಎನ್ನಲು ಲ್ಯಾಟಿನ್ನಿನಲ್ಲಿ "ಪಾಸ್ಸುಸ್ ಎಸ್ಟ್" ಎಂದು ಬರೆಯುವುದು ವಾಡಿಕೆ. ನಕಲು ಮಾಡುವವನ ಕೈಯಲ್ಲಿ ಮೊದಲ ಅಕ್ಷರ ಬಿಟ್ಟುಹೋಗಿ ಅದು "ಅಸ್ಸುಸ್ ಎಸ್ಟ್" ಆಗಿರಬಹುದು. ಹಾಗಂದ್ರೆ "ಸುಡಲ್ಪಟ್ಟ"! ಒಂದು ಅಕ್ಷರದ ಬಗ್‌ನಿಂದ ಹದಿನೇಳು ಶತಮಾನದ ಚಿತ್ರಕಲೆ ಹುಟ್ಟಿರಬಹುದು ಅನ್ನುವ ವಾದ ಇದು. ಎಲ್ಲರೂ ಒಪ್ಪಿದ್ದಾರೆ ಅಂತಲ್ಲ. ಆದರೆ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ: ಐತಿಹ್ಯದಲ್ಲಿ ನಡೆದದ್ದು ಬೇರೆ, ಜನ ಅದನ್ನು ಉಳಿಸಿಕೊಂಡದ್ದು ಯಾಕೆ ಎಂಬುದು ಬೇರೆ.

ರೋಮಿನ ಈ ಲಾರೆನ್ಸ್ ಕಾರ್ಕಳಕ್ಕೆ ಬಂದದ್ದು ಗೋವಾ ದಾರಿಯಾಗಿ. ಹದಿನಾರನೇ ಶತಮಾನದಿಂದಲೂ ಗೋವೆಯ ಕೊಂಕಣಿ ಕೆಥೊಲಿಕರು ದಕ್ಷಿಣಕ್ಕೆ ವಲಸೆ ಬರುತ್ತಲೇ ಇದ್ದರು. ಕಾರಣಗಳು ಒಂದೆರಡಲ್ಲ. ಪೋರ್ಚುಗೀಸರ ಇನ್‌ಕ್ವಿಸಿಷನ್ ಕಾಟ, ತೆರಿಗೆ, ಬರಗಾಲ, ಮರಾಠರ ದಾಳಿ. ಕೆನರಾದಲ್ಲಿ ಆಗ ಕೆಳದಿ ಅರಸರ ಆಳ್ವಿಕೆ. ಗದ್ದೆ ಮಾಡುವ ಕೈಗಳು ಅರಸರಿಗೆ ಬೇಕಿದ್ದವು, ಬಂದವರಿಗೆ ನೆಲ ಬೇಕಿತ್ತು. ಹೀಗೆ ಊರೂರಲ್ಲಿ ಇಗರ್ಜಿಗಳು ಎದ್ದವು. (ಇಗರ್ಜಿ ಎಂಬ ನಮ್ಮ ಕರಾವಳಿ ಶಬ್ದವೇ ಪೋರ್ಚುಗೀಸರ "ಇಗ್ರೇಜ"ದಿಂದ ಬಂದದ್ದು.) ಅತ್ತೂರು ಇಗರ್ಜಿಯ ಮೂಲ 1759 ಅಂತ ಹೇಳುತ್ತಾರೆ. ಅದಾಗಿ ನಾಲ್ಕೇ ವರ್ಷಕ್ಕೆ, 1763ರಲ್ಲಿ ಹೈದರಾಲಿ ಬಿದನೂರು ಗೆದ್ದ. ಕೆಳದಿ ರಾಜ್ಯದ ಜೊತೆ ಕೆನರಾವೂ ಮೈಸೂರಿನ ಕೈ ಸೇರಿತು.

ಇಲ್ಲಿಂದ ಮುಂದಿನ ಕತೆ ಸುಲಭದ್ದಲ್ಲ.

ಹೋದ ದಸರೆ ರಜೆಯಲ್ಲಿ ನಾವು ಮನೆಯವರೆಲ್ಲ ಅತ್ತೂರಿಗೆ ಹೋಗಿದ್ದೆವು. ಅಪ್ಪ, ಅಮ್ಮ, ಅಕ್ಕ, ಭಾವ, ಅಕ್ಕನ ಮಗಳು, ಜೊತೆಗೆ ಎಂಬತ್ತು ದಾಟಿದ ಅಜ್ಜಿ. ಅಜ್ಜಿಯ ತವರು ಕಾರ್ಕಳ. ಅಮ್ಮ ಚಿಕ್ಕವಳಿದ್ದಾಗ ಜ್ವರ ಬಂದು ಇಳಿಯದೆ ಇದ್ದಾಗ ಅಜ್ಜಿ ಅತ್ತೂರಿಗೆ ಕ್ಯಾಂಡಲ್ ಹರಕೆ ಹೇಳಿಕೊಂಡಿದ್ದರಂತೆ. ಅವತ್ತಿನಿಂದ ಜನವರಿಯ ಜಾತ್ರೆಗೆ, ನಮ್ಮ ಕಡೆಯವರ ಬಾಯಲ್ಲಿ "ಅತ್ತೂರು ಸಾಂತ್‌ಮಾರಿ"ಗೆ, ಅವರದ್ದೊಂದು ಹಾಜರಿ. ಈಚೆಗೆ ಆ ಜನಜಂಗುಳಿಯಲ್ಲಿ ನಡೆಯಲು ಆಗುವುದಿಲ್ಲ. ಅದಕ್ಕೇ ಜನ ಕಡಿಮೆ ಇರುವ ದಿನ ನೋಡಿ ಹೊರಟದ್ದು.

ಉಡುಪಿಯಿಂದ ಹಿರಿಯಡಕ, ಬೈಲೂರು ಮೇಲೆ ಕಾರ್ಕಳದ ದಾರಿ. ಹಿರಿಯಡಕ ದಾಟುತ್ತಿದ್ದಂತೆ ಭಾವ ಕೇಳಿದರು: "ಅಲ್ಲ ಮಾರಾಯ, ನೀನು ಇತಿಹಾಸ ಎಲ್ಲ ಓದ್ತೀಯಲ್ಲ, ಟಿಪ್ಪು ಈ ಪುರ್ಬುಗಳನ್ನೆಲ್ಲ ಹಿಡ್ಕೊಂಡು ಹೋದದ್ದು ನಿಜವಾ? ನಮ್ಮ ವಾಟ್ಸಾಪ್ ಗ್ರೂಪಲ್ಲಿ ದಿನಾ ಅದೇ ಜಗಳ. ಒಬ್ಬ ಎಂಬತ್ತು ಸಾವಿರ ಅಂತಾನೆ, ಇನ್ನೊಬ್ಬ ಎಲ್ಲ ಬ್ರಿಟಿಷರ ಸುಳ್ಳು ಅಂತಾನೆ." ಕಾರಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸರಿಯಾಗಿ ಬರೆಯುತ್ತಿದ್ದೇನೆ.

ನಿಜ ಭಾವ. 1784ರ ಜನವರಿ ಕೊನೆಗೆ ಮಂಗಳೂರು ಕೋಟೆ ಇಂಗ್ಲಿಷರಿಂದ ಟಿಪ್ಪುವಿನ ಕೈಗೆ ಬಂತು. ಎರಡನೇ ಮೈಸೂರು ಯುದ್ಧ ಮುಗಿಯುತ್ತಿದ್ದ ಹೊತ್ತು, ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದವೇ ಆಯಿತು. ಯುದ್ಧದಲ್ಲಿ ಕೆನರಾದ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರು ಎಂಬುದು ಅವರ ಮೇಲಿದ್ದ ಆರೋಪ. ಫೆಬ್ರವರಿ ಕೊನೆಯ ವಾರ, ಕೆಥೊಲಿಕರ ನಲವತ್ತು ದಿನದ ಉಪವಾಸ ಶುರುವಾಗುವ ಬೂದಿ ಬುಧವಾರದ ಹೊತ್ತಿಗೆ, ಜಿಲ್ಲೆಯ ಉದ್ದಗಲಕ್ಕೂ ಅವರನ್ನು ಹಿಡಿದರು. ಗಂಡಸರು, ಹೆಂಗಸರು, ಮಕ್ಕಳು ಎಂಬ ಭೇದವಿಲ್ಲ. ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ವಾರಗಟ್ಟಲೆಯ ಕಾಲುನಡಿಗೆ. ದಾರಿಯಲ್ಲೇ ಎಷ್ಟೋ ಜನ ಸತ್ತರು. ಅವರ ಗದ್ದೆ, ಮನೆ ಮುಟ್ಟುಗೋಲಾದವು, ಇಗರ್ಜಿಗಳನ್ನು ಕೆಡವಿದರು. ಕಾರ್ಕಳದ್ದೂ ಹೋಯಿತು. ಮೂಡುಬಿದಿರೆ ಹತ್ತಿರದ ಹೊಸಬೆಟ್ಟಿನ ಇಗರ್ಜಿ ಮಾತ್ರ ಅಲ್ಲಿನ ಜೈನ ಚೌಟ ಅರಸರ ದಯದಿಂದ ಉಳಿಯಿತು ಅಂತ ಕ್ರೈಸ್ತರ ನೆನಪಿನಲ್ಲೇ ಇದೆ.

ಎಷ್ಟು ಜನ? ಸೆರೆಯಲ್ಲಿದ್ದ ಇಂಗ್ಲಿಷ್ ನಾವಿಕ ಜೇಮ್ಸ್ ಸ್ಕರಿ ಮೂವತ್ತು ಸಾವಿರ ಅಂತ ಬರೆದ. ಬೇರೆ ದಾಖಲೆಗಳಲ್ಲಿ ಅರವತ್ತು ಸಾವಿರ, ಅದಕ್ಕಿಂತ ಹೆಚ್ಚೂ ಇದೆ. ತಲೆ ಎಣಿಸಿದವರು ಯಾರೂ ಇಲ್ಲ. ಅತಿ ಕಡಿಮೆ ಲೆಕ್ಕ ಹಿಡಿದರೂ ಒಂದು ಸಣ್ಣ ಸಮುದಾಯದ ಬಹುಪಾಲು ಜನ ಒಂದೇ ವಾರದಲ್ಲಿ ಊರಿನಿಂದ ಮಾಯವಾದರು. "ಬ್ರಿಟಿಷರ ಸುಳ್ಳು" ಅನ್ನುವಂತಿಲ್ಲ, ಯಾಕಂದ್ರೆ ಟಿಪ್ಪುವಿನ ಆಸ್ಥಾನದ ಬರಹಗಳಲ್ಲೇ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಲಾಗಿದೆ. ಹಾಗಂತ ಇಷ್ಟನ್ನೇ ಹಿಡಿದು ಆ ಮನುಷ್ಯನ ಇಡೀ ಚರಿತ್ರೆ ಬರೆಯಲೂ ಆಗುವುದಿಲ್ಲ. 1791ರಲ್ಲಿ ಮರಾಠಾ ಸೈನ್ಯ ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಅದರ ಪುನರುದ್ಧಾರಕ್ಕೆ ನೆರವು ಕೊಟ್ಟದ್ದೂ ಇದೇ ಟಿಪ್ಪು. ಅವನು ಸ್ವಾಮಿಗಳಿಗೆ ಬರೆದ ಕನ್ನಡ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ಎರಡೂ ನಿಜ. ಒಂದರಿಂದ ಇನ್ನೊಂದನ್ನು ಕಳೆದು ಸೊನ್ನೆ ಮಾಡಲು ಇದು ಗಣಿತ ಅಲ್ಲ.

ಸೆರೆ ಮುಗಿದದ್ದು 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತಾಗ. ಹದಿನೈದು ವರ್ಷ! ಹುಡುಗರಾಗಿ ಹೋದವರು ಗಂಡಸರಾಗಿದ್ದರು. ಮತಾಂತರ, ಸೈನ್ಯದ ಚಾಕರಿ, ಕಾಯಿಲೆ, ಸಾವು ಎಲ್ಲ ಕಳೆದು ಉಳಿದವರು ಉಳಿದಿದ್ದರು. ಎಲ್ಲರೂ ವಾಪಸು ಬರಲಿಲ್ಲ. ಕೆಲವರು ಮೈಸೂರು ಸೀಮೆಯಲ್ಲೇ ನಿಂತರು. ಹಾಗೆ ಚದುರಿದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಬಂದವರು ಅಬ್ಬೆ ದುಬೋಯಿ ಎಂಬ ಫ್ರೆಂಚ್ ಪಾದ್ರಿ. ನಮ್ಮ ಜನರ ಆಚಾರ ವಿಚಾರದ ಬಗ್ಗೆ ಪುಸ್ತಕ ಬರೆದು ಹೆಸರಾದವರು, ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದವರೂ ಹೌದು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅವರ ಹೆಸರಿನ ಚರ್ಚು ಇವತ್ತಿಗೂ ಇದೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವವರು ಗುಂಬಜ್ ನೋಡುತ್ತೀರಿ, ಸಂಗಮ ನೋಡುತ್ತೀರಿ. ಮುಂದಿನ ಸಲ ಇದನ್ನೂ ನೋಡಿ ಬನ್ನಿ.

ಕರಾವಳಿಗೆ ವಾಪಸಾದವರಿಗೆ ಕಂಡದ್ದು ಏನು? ಮನೆ ಇಲ್ಲ, ಗದ್ದೆ ಬೇರೆಯವರ ಕೈಯಲ್ಲಿ, ಇಗರ್ಜಿ ಇದ್ದ ಜಾಗದಲ್ಲಿ ಮಣ್ಣು. ಕಾರ್ಕಳದ ಕಡೆಯವರು 1801ರಲ್ಲಿ ಮುಳಿಹುಲ್ಲು ಹೊದೆಸಿದ ಒಂದು ಇಗರ್ಜಿ ಕಟ್ಟಿಕೊಂಡರು. ಅದು ಎಷ್ಟು ಮಳೆಗಾಲ ತಡೆದೀತು? 1839ರ ಹೊತ್ತಿಗೆ ಹೊಸ ಜಾಗ ಹುಡುಕಲೇಬೇಕಾಯಿತು.

ಕತೆ ಹೇಳುವುದು ಹೀಗೆ. ಎಲ್ಲಿ ಕಟ್ಟುವುದು ಅಂತ ತಿಳಿಯದೆ ಜನ ಸಂತ ಲಾರೆನ್ಸನ ಮರದ ಮೂರ್ತಿಯನ್ನು ಎತ್ತಿಕೊಂಡು, ಪ್ರಾರ್ಥನೆ ಮಾಡುತ್ತಾ ಜಾಗ ಹುಡುಕಿ ಹೊರಟರು. ಪರ್ಪಲೆ ಗುಡ್ಡದ ಬುಡದಲ್ಲಿ ಒಂದು ನೀರಿನ ಒರತೆ. ದಣಿದವರು ಅಲ್ಲಿ ಮೂರ್ತಿ ಇಳಿಸಿ ನೀರು ಕುಡಿದು ಸುಧಾರಿಸಿಕೊಂಡರು. ಮತ್ತೆ ಹೊರಡಲು ನೋಡಿದರೆ ಮೂರ್ತಿ ಏಳಲಿಲ್ಲ! ಎಷ್ಟು ಜನ ಸೇರಿ ಎತ್ತಿದರೂ ಇಲ್ಲ. ಕೊನೆಗೆ "ಇಲ್ಲೇ ನಿನಗೆ ಇಗರ್ಜಿ ಕಟ್ಟುತ್ತೇವೆ" ಅಂತ ಮಾತು ಕೊಟ್ಟ ಮೇಲೆ ಮೂರ್ತಿ ಹೂವಿನ ಹಾಗೆ ಹಗುರವಾಯಿತು. ಹಾಗೆ ನೆಲೆಯಾದದ್ದು ಅತ್ತೂರು. ಆ ಒರತೆಯೇ ಇವತ್ತು ಜನ ತೀರ್ಥದಂತೆ ಭಕ್ತಿಯಿಂದ ಕಾಣುವ ಪುಷ್ಕರಿಣಿ. ಕ್ರೈಸ್ತ ಕ್ಷೇತ್ರದಲ್ಲಿ "ಪುಷ್ಕರಿಣಿ" ಅನ್ನುವ ಹೆಸರು ಯಾರಿಗೂ ವಿಚಿತ್ರ ಅನ್ನಿಸಿಲ್ಲ ನೋಡಿ.

ಇಂಥ ಕತೆ ಕೆಥೊಲಿಕ್ ಲೋಕಕ್ಕೂ ಹೊಸದಲ್ಲ. ಅರ್ಜೆಂಟೀನಾದ ಲುಹಾನ್ ಎಂಬಲ್ಲಿ 1630ರಲ್ಲಿ ಮೇರಿ ಮಾತೆಯ ಮೂರ್ತಿ ಹೊತ್ತ ಎತ್ತಿನ ಗಾಡಿ ಮುಂದೆ ಚಲಿಸದೆ ನಿಂತಿತು, ಅಲ್ಲೇ ಗುಡಿಯಾಯಿತು ಅಂತ ಹೇಳುತ್ತಾರೆ. ಗೋಕರ್ಣದಿಂದಲೂ ಬಂದಿರಬಹುದು, ಯುರೋಪಿನ ಪಾದ್ರಿಗಳ ಬಾಯಿಂದಲೂ ಬಂದಿರಬಹುದು. ಜಾನಪದದವರು ಇದನ್ನು ಒಂದು "ಆಶಯ" ಅಂತ ಕರೆದು ಫೈಲಿಗೆ ಹಾಕಿಬಿಡುತ್ತಾರೆ. ಆದರೆ ಲೆಕ್ಕ ಒಂದು ಮಾಡಿ ನೋಡಿದಾಗ ನನಗೆ ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ.

1784ರಲ್ಲಿ ಹತ್ತು ವರ್ಷವಿದ್ದ ಹುಡುಗ 1839ಕ್ಕೆ ಅರವತ್ತೈದರ ಅಜ್ಜ. ಅಂದರೆ ಆ ಮೂರ್ತಿಯ ಹಿಂದೆ ನಡೆದು ಬಂದ ಜನರ ನಡುವೆ ಘಟ್ಟ ಹತ್ತಿದ್ದ ಕಾಲುಗಳು ಇನ್ನೂ ಇದ್ದಿರಬೇಕು. ಅಮ್ಮನ ಕೈ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆದವರು, ಸೆರೆಯಲ್ಲೇ ಹುಟ್ಟಿದವರು, ಇಪ್ಪತ್ತೈದನೇ ವಯಸ್ಸಿನಲ್ಲಿ ತಮ್ಮದೇ ಊರಿಗೆ ಅಪರಿಚಿತರಂತೆ ವಾಪಸಾದವರು. ಇವರ ಅಜ್ಜಂದಿರು ಅದಕ್ಕೂ ಮೊದಲು ಗೋವಾ ಬಿಟ್ಟು ಬಂದವರು. ತಲೆಮಾರುಗಟ್ಟಲೆ ಎಬ್ಬಿಸಿಕೊಂಡು, ಹೊರಡಿಸಿಕೊಂಡು, ನಡೆಸಿಕೊಂಡೇ ಬದುಕಿದ ಜನ ಇವರು. "ಏಳು" ಅಂದಾಗ ಏಳದೆ ಇರುವ ಶಕ್ತಿ ಇವರಲ್ಲಿ ಯಾರಿಗೂ ಇರಲಿಲ್ಲ.

ಆ ಶಕ್ತಿಯನ್ನು ಅವರು ತಮ್ಮ ಸಂತನಿಗೆ ಕೊಟ್ಟರು.

ಹೀಗೆ ಅರ್ಥ ಮಾಡಿಕೊಳ್ಳಬೇಕು ಅಂತ ಯಾವ ದಾಖಲೆಯೂ ಹೇಳುವುದಿಲ್ಲ, ಇದು ನನ್ನ ಓದು. ಆದರೆ ಸಾವಿರ ಪವಾಡದ ಕತೆಗಳಿರುವಾಗ ಈ ಜನ ಇದೊಂದನ್ನೇ ಯಾಕೆ ತಮ್ಮ ಕ್ಷೇತ್ರದ ಮೂಲಕತೆಯಾಗಿ ಇಟ್ಟುಕೊಂಡರು ಅನ್ನುವುದಕ್ಕೆ ಇದಕ್ಕಿಂತ ಸರಿಯಾದ ಉತ್ತರ ನನಗೆ ಕಾಣುವುದಿಲ್ಲ. ಇನ್ನೊಂದು ವಿಷಯ ಗಮನಿಸಿ. ಆ ಕತೆಯಲ್ಲಿ ಟಿಪ್ಪು ಇಲ್ಲ. ಶತ್ರುವೇ ಇಲ್ಲ. ಸೇಡು, ಶಾಪ ಯಾವುದೂ ಇಲ್ಲ. ಇರುವುದು ದಣಿವು, ನೀರು, ಮತ್ತು "ಇಲ್ಲಿಂದ ಮುಂದೆ ಹೋಗುವುದಿಲ್ಲ" ಅನ್ನುವ ಒಂದು ಹಟ.

ಕಾರ್ಕಳದಲ್ಲಿ ಗೊಮ್ಮಟನನ್ನು ನೋಡಿಕೊಂಡೇ ನಾವು ಅತ್ತೂರಿಗೆ ಹೋಗಿದ್ದು. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಕಲ್ಲಿನ ಬಾಹುಬಲಿ. ಶ್ರವಣಬೆಳಗೊಳದಂತೆ ಬೆಟ್ಟದ ತುದಿಯ ಬಂಡೆಯಲ್ಲೇ ಕಡೆದದ್ದಲ್ಲ, ಬೇರೆಡೆ ಕಡೆದು, ಹಲವು ಗಾಲಿಗಳ ಬಂಡಿಯ ಮೇಲೆ ಮಲಗಿಸಿ ಬೆಟ್ಟಕ್ಕೆ ಎಳೆದು ತಂದದ್ದು ಅಂತ ಪರಂಪರೆ. ಒಂದೇ ಊರಿನಲ್ಲಿ ಎರಡು ಮೂರ್ತಿ. ಅರಸನ ಬಲದಿಂದ ಬೆಟ್ಟ ಹತ್ತಿದ 42 ಅಡಿಯ ಕಲ್ಲು ಒಂದು. ಬಡವರ ಕೈಯಲ್ಲಿ ಗುಡ್ಡದ ಬುಡದಲ್ಲೇ ಕೂತುಬಿಟ್ಟ ಪುಟ್ಟ ಮರದ ಮೂರ್ತಿ ಇನ್ನೊಂದು. ಎರಡಕ್ಕೂ ಕೈಮುಗಿಯುವವರು ಬಹಳ ಮಟ್ಟಿಗೆ ಅದೇ ಜನ.

ಅತ್ತೂರಿನಲ್ಲಿ ಆವತ್ತು ಜನ ಕಮ್ಮಿ. ಅಮ್ಮ, ಅಕ್ಕ ಸೇರಿ ಅಜ್ಜಿಯನ್ನು ನಿಧಾನಕ್ಕೆ ನಡೆಸಿಕೊಂಡು ಹೋದರು. ಅಜ್ಜಿ ಕ್ಯಾಂಡಲ್ ಹಚ್ಚಿಟ್ಟು, ಕಣ್ಣು ಮುಚ್ಚಿ, ಏನೋ ತುಳುವಿನಲ್ಲಿ ಹೇಳಿಕೊಂಡರು. ಅಕ್ಕನ ಮಗಳು ನೀರಿನ ಹತ್ತಿರ ನಿಂತು "ಮೂರ್ತಿ ಈಗ ಎತ್ತಿದ್ರೆ ಏಳ್ತದಾ?" ಅಂತ ಕೇಳಿದಳು. ಭಾವ ಸುಮ್ಮನೆ ಮೇಣದ ಸಾಲು ನೋಡುತ್ತಾ ನಿಂತಿದ್ದರು. ಹೊರಗೆ ಬಂದ ಮೇಲೆ ನಾನು ಅಜ್ಜಿಯ ಹತ್ತಿರ, "ಅಷ್ಟು ದೇವಸ್ಥಾನ ಇರುವಾಗ ಜ್ವರಕ್ಕೆ ಇಲ್ಲಿಗೇ ಯಾಕೆ ಹರಕೆ ಹೇಳಿದ್ರಿ ಅಜ್ಜಿ?" ಅಂದೆ.

"ಇವ ಕಷ್ಟ ಕಂಡವ ಅಲ್ವಾ ಮಗಾ. ಬೆಂಕಿಯ ಮೇಲೆ ಮಲಗಿದವ. ಜ್ವರ ಅಂದ್ರೆ ಏನೂಂತ ಇವನಿಗೆ ಹೇಳಿ ತಿಳಿಸ್ಬೇಕಾ?"

ಲ್ಯಾಟಿನ್ನಿನ ಆ ಬಿಟ್ಟುಹೋದ ಅಕ್ಷರದ ವಿಷಯ ಅಜ್ಜಿಗೆ ಹೇಳಲು ಹೋಗಲಿಲ್ಲ. ಅದರಿಂದ ಅವರ ಮಾತಿಗೆ ಏನೂ ಆಗುತ್ತಿರಲಿಲ್ಲ ಬಿಡಿ. ಲಾರೆನ್ಸ್ ಬೆಂಕಿಯಲ್ಲಿ ಸತ್ತನೋ ಕತ್ತಿಯಲ್ಲೋ, ಅಧಿಕಾರಿ ಚಿನ್ನ ಕೇಳಿದಾಗ ಬಡವರನ್ನು ಸಂಪತ್ತು ಅಂತ ತೋರಿಸಿದವನು ಎಂಬ ನೆನಪು ಮಾತ್ರ ಅತ್ತೂರಿಗೆ ಸರಿಯಾಗಿ ಹೊಂದುತ್ತದೆ. ಜಾತ್ರೆಯ ದಿನಗಳಲ್ಲಿ ಕಾಯಿಲೆಯವರು, ಭಿಕ್ಷುಕರು, ಹರಕೆಯವರು, ಬಳೆ ಮಾರುವವರು, ಹಿಂದೂಗಳು, ಜೈನರು, ಮುಸ್ಲಿಮರು ಎಲ್ಲ ಸೇರುವ ಜಾಗ ಅದು. ಸಂತ ಲಾರೆನ್ಸನ ಹಬ್ಬ ನಿಜವಾಗಿ ಇರುವುದು ಆಗಸ್ಟ್ 10ಕ್ಕೆ. ನಮ್ಮ ಆಗಸ್ಟ್ ಮಳೆ ನಿಮಗೆ ಗೊತ್ತೇ ಇದೆ. ಹಾಗಾಗಿ ಅತ್ತೂರಿನ ದೊಡ್ಡ ಜಾತ್ರೆ ಜನವರಿಯಲ್ಲಿ, ಗದ್ದೆ ಕೊಯ್ಲೆಲ್ಲ ಮುಗಿದ ಮೇಲೆ. ರೋಮಿನ ಸಂತ ಕಾರ್ಕಳದ ಬೇಸಾಯದ ಕ್ಯಾಲೆಂಡರಿಗೆ ಹೊಂದಿಕೊಂಡಿದ್ದಾನೆ. 2016ರಲ್ಲಿ ವ್ಯಾಟಿಕನ್ ಅತ್ತೂರನ್ನು ಮೈನರ್ ಬೆಸಿಲಿಕಾ ಅಂತ ಘೋಷಿಸಿತು. ಊರ ಜನ ಅದಕ್ಕೂ ಬಹಳ ಮೊದಲೇ ಘೋಷಿಸಿಯಾಗಿತ್ತು.

ಈ ಇತಿಹಾಸವನ್ನು ಇವತ್ತು ಎರಡು ಕಡೆಯವರೂ ಕಲ್ಲು ಹೊಡೆಯಲು ಎತ್ತಿಕೊಳ್ಳುತ್ತಿದ್ದಾರೆ. ಒಬ್ಬರಿಗೆ ಈ ಜನರ ಯಾತನೆ ಬೇಕು, ಈ ಜನ ಬೇಡ. ಇನ್ನೊಬ್ಬರಿಗೆ ಯಾತನೆಯೇ ನಡೆದಿಲ್ಲ ಅಂದರೆ ಅನುಕೂಲ. ನಡೆದದ್ದನ್ನು ನಡೆದಿದೆ ಅಂತಲೇ ಹೇಳಬೇಕು, ಇಸವಿ ಸಮೇತ ಹೇಳಬೇಕು, ಅದರಲ್ಲಿ ರಾಜಿ ಬೇಡ. ಆದರೆ ಅದನ್ನು ಅನುಭವಿಸಿದವರು ತಾವೇ ಅದನ್ನು ಏನು ಮಾಡಿಕೊಂಡರು ಅನ್ನುವುದನ್ನೂ ಒಮ್ಮೆ ನೋಡುವುದು ಒಳ್ಳೆಯದಲ್ಲವೇ? ಅವರು ಒಂದು ಒರತೆಯ ಪಕ್ಕ ಮೂರ್ತಿ ಇಳಿಸಿದರು, ಇಗರ್ಜಿ ಕಟ್ಟಿದರು, ಬಾಗಿಲು ತೆರೆದಿಟ್ಟರು. ಆ ಬಾಗಿಲಿನಿಂದ ಒಳಗೆ ಹೋದವರಲ್ಲಿ ನಮ್ಮ ಅಜ್ಜಿಯೂ ಒಬ್ಬರು.

ನಿಮ್ಮ ಊರಿನ ಕಡೆಯೂ ಹೀಗೆ ಏಳದೆ ಕೂತ ದೇವರೋ, ದೈವವೋ, ಸಂತನೋ ಖಂಡಿತ ಇರುತ್ತಾರೆ. ಆ ಕತೆ ಶುರುವಾದ ಕಾಲಕ್ಕೆ ಆ ಊರಿನ ಜನರಿಗೆ ಏನಾಗಿತ್ತು ಅಂತ ಒಮ್ಮೆ ಹಿರಿಯರ ಹತ್ತಿರ ಕೇಳಿ ನೋಡಿ. ಸಿಕ್ಕಿದರೆ ನನಗೂ ತಿಳಿಸಿ.